ಕಂಪೌಂಡರ್ ಕಾರಿನ ಮೂರನೆಯ ಬೋಲ್ಟು

ಗ್ಯಾರೇಜಿನ ಹಿಂದಿನ ಕೋಣೆ
ಬುಧವಾರ, ತಾರೀಖು ಹದಿನಾಲ್ಕು

ಪ್ರೀತಿಯ ಅಪ್ಪಾ,

ನಿಮ್ಮ ಬಲಗೈ ಈಗ ಹೇಗಿದೆ? ಬೆರಳು ಮಡಚಲು ಬರುತ್ತದೆಯೇ? ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೊಳ್ಳುತ್ತೀರಿ ತಾನೇ? ಡಾಕ್ಟರು ಕೊಟ್ಟ ರಬ್ಬರ್ ಚೆಂಡನ್ನು ನೂರು ಸಲ ಹಿಸುಕುವ ಬದಲು ಐವತ್ತಕ್ಕೇ ಕಳ್ಳಾಟ ಆಡುತ್ತೀರಿ ಎಂದು ಅಕ್ಕ ದೂರು ಹೇಳಿದಳು. ಬೇಡ ಅಪ್ಪಾ, ಪೂರ್ತಿ ಮಾಡಿ. ಮುಂದಿನ ತಿಂಗಳು ನೀವು ಬಂದು ಸ್ಪ್ಯಾನರ್ ಹಿಡಿಯಬೇಕು. ಫೋನಿನಲ್ಲೇ ಮಾತಾಡಬಹುದಿತ್ತು, ಆದರೆ ನಿಮ್ಮ ದನಿ ಕೇಳಿದರೆ ನನ್ನ ನಾಲಿಗೆ ಒಣಗುತ್ತದೆ. ಏಳನೇ ಕ್ಲಾಸು ಅರ್ಧಕ್ಕೆ ಬಿಟ್ಟವಳ ಅಕ್ಷರ, ಅಕ್ಕನ ಕೈಲಿ ಓದಿಸಬೇಡಿ, ನೀವೇ ನಿಧಾನವಾಗಿ ಓದಿ.

ಸೋಮವಾರ ಔಷಧಿ ಅಂಗಡಿಯ ಕಂಪೌಂಡರ್ ತಮ್ಮ ಹಳೇ ಕಾರು ತಂದರು. ಹೊಗೆ ಕೊಳವೆ ಇಂಜಿನ್ನಿಗೆ ಸೇರುವ ಕಡೆ ಪಟಪಟ ಸದ್ದು, ನಡುವಿನ ಗ್ಯಾಸ್ಕೆಟ್ ತಗಡು ಸುಟ್ಟಿತ್ತು. ನಾಲ್ಕು ಬೋಲ್ಟು ಬಿಚ್ಚಬೇಕು. ತುಕ್ಕು ಹಿಡಿದ ಬೋಲ್ಟನ್ನೂ ಮುನಿಸಿಕೊಂಡ ನೆಂಟರನ್ನೂ ಎಳೆದಾಡಬಾರದು ಎಂದು ನೀವು ಎಷ್ಟು ಸಲ ಹೇಳಿಲ್ಲ! ಎಣ್ಣೆ ಬಿಡು, ಕಾಯಿ, ಕಾಲು ಸುತ್ತು ಬಿಚ್ಚು, ಮತ್ತೆ ಹಿಂದಕ್ಕೆ ತಿರುಗಿಸು, ಕಿರ್ ಎಂದರೆ ಕೈ ಬಿಡು. ಮೊದಲ ಎರಡಕ್ಕೆ ಹಾಗೇ ಮಾಡಿದೆ. ಕಂಪೌಂಡರ್ ಪಕ್ಕದಲ್ಲೇ ನಿಂತು ಗಡಿಯಾರ ನೋಡುತ್ತಿದ್ದರು. "ನಿಮ್ಮಪ್ಪ ಆಗಿದ್ರೆ ಇಷ್ಟೊತ್ತಿಗೆ ಕಾರು ಮನೇಲಿರೋದು" ಎಂದು ಎರಡು ಸಲ ಹೇಳಿದರು. ನನಗೆ ಮೈಯೆಲ್ಲ ಉರಿಯಿತು. ಮೂರನೆಯದು ಕಿರ್ ಎಂದಿತು. ಕೇಳಿಸಿತು ಅಪ್ಪಾ. ಕೇಳಿಸಿದರೂ ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಜಗ್ಗಿದೆ. ಟಪ್ಪೆಂದು ಬೋಲ್ಟಿನ ತಲೆ ನನ್ನ ಕೈಗೇ ಬಂತು, ಉಳಿದ ತುಂಡು ಇಂಜಿನ್ನಿನ ಒಳಗೇ ಕೂತಿತು.

ಆ ರಾತ್ರಿಯೆಲ್ಲ, ಡ್ರಿಲ್ ಹಾಕಿದರೆ ಓರೆ ಹೋದೀತು, ತೂತಿನೊಳಗಿನ ತಿರುಪಿನ ಚೂಡಿ ಕೆಟ್ಟೀತು, ಇಂಜಿನ್ನಿನ ತಲೆಯನ್ನೇ ಇಳಿಸಬೇಕಾದೀತು ಎಂದು ಏನೇನೋ ಯೋಚನೆ. ನಿನ್ನೆ ಎದುರು ಶೆಡ್ಡಿನ ವೆಲ್ಡರ್ ಮಾವನನ್ನು ಬೇಡಿ ಕರೆತಂದೆ, ಕಾಲು ಹಿಡಿಯುವುದೊಂದು ಬಾಕಿ. ಬಗ್ಗಿ ನೋಡಿ, "ಏನವ್ವಾ, ಬೋಲ್ಟ್ ಜೊತೆ ಕುಸ್ತಿ ಆಡಿದ್ಯಾ?" ಎಂದು ನಕ್ಕರು. ಪುಣ್ಯಕ್ಕೆ ತುಂಡು ಅಕ್ಕಿಕಾಳಿನಷ್ಟು ಹೊರಗೆ ಇಣುಕುತ್ತಿತ್ತು. ಅದರ ಮೇಲೆ ನಟ್ಟು ಇಟ್ಟು ನಟ್ಟಿನ ತೂತಿನೊಳಗೆ ವೆಲ್ಡ್ ಮಾಡಿದರು. ಮೊದಲ ನಟ್ಟು ಕಿತ್ತು ಬಂತು. ಎರಡನೆಯದು ಕೆಂಪಗೆ ಕಾದು ತಣ್ಣಗಾಗುವವರೆಗೆ ನನ್ನನ್ನು ಮುಟ್ಟಗೊಡಲಿಲ್ಲ. ಆಮೇಲೆ ಎಣ್ಣೆ ಬಿಟ್ಟು, ಹಿಂದೆ ಮುಂದೆ, ಹಿಂದೆ ಮುಂದೆ, ಮಗುವಿನ ತೊಟ್ಟಿಲು ತೂಗಿದ ಹಾಗೆ. ಬಂತು ಅಪ್ಪಾ! ಒಳಗಿನ ಚೂಡಿಗೆ ಒಂದು ಗೀರೂ ಇಲ್ಲ. ಹೊಸ ಬೋಲ್ಟು ಕೈಯಲ್ಲೇ ತಿರುಗಿ ಕೂತಿತು. ಹೊಸ ಗ್ಯಾಸ್ಕೆಟ್ ಹಾಕಿ ನಾಲ್ಕೂ ಬಿಗಿದೆ, ಸದ್ದು ಹೋಗಿದೆ. ಸಂಜೆ ನಾಲ್ಕಕ್ಕೆ ಕಂಪೌಂಡರ್ ಬಂದು ಒಯ್ಯುತ್ತಾರೆ.

ಅಕ್ಕನಿಗೂ ಭಾವನಿಗೂ ಕೇಳಿದೆನೆಂದು ಹೇಳಿ. ಚೆಂಡು ಮರೆಯಬೇಡಿ.

ನಿಮ್ಮ ಕಿರಿಯವಳು

ಮತ್ತೆ: ಮೇಲಿನದರಲ್ಲಿ ಒಂದು ಮಾತು ನುಂಗಿದ್ದೇನೆ. ಬೋಲ್ಟು ಮುರಿದಾಗ ಕಂಪೌಂಡರ್ "ಏನಾಯ್ತು?" ಎಂದರು. ನನ್ನ ಬಾಯಿ ಸುಡಲಿ, "ಹೋದ ವರ್ಷ ಅಪ್ಪ ವಿಪರೀತ ಬಿಗಿ ಮಾಡಿದ್ರು, ಆಗ್ಲೇ ಬಿರುಕು ಬಿಟ್ಟಿತ್ತು" ಎಂದುಬಿಟ್ಟೆ. ಅವರು ಲೊಚಗುಟ್ಟಿ, "ಆಗ್ಲೇ ಕೈ ಹದ ತಪ್ಪಿತ್ತೇನೋ ಪಾಪ" ಎಂದರು. ಅವರ ಅಂಗಡಿಗೆ ಬಾರದವರು ಯಾರಿದ್ದಾರೆ? ನಿನ್ನೆಯೇ ಹಾಲಿನವನು "ನಿಮ್ಮಪ್ಪನ ಕೈ ಹೋದ ವರ್ಷವೇ ಹದ ತಪ್ಪಿತ್ತಂತೆ?" ಎಂದು ನನ್ನನ್ನು ಕೇಳಿದ. ಮುರಿದ ತಲೆಯನ್ನು ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ಹಳೇ ಬಿರುಕಾದರೆ ಮುರಿದ ಜಾಗ ಕಪ್ಪಾಗಿರುತ್ತದೆ ಎಂದು ಕಲಿಸಿದವರು ನೀವೇ. ಇದು ಅಂಚಿನಿಂದ ಅಂಚಿಗೆ ಬೆಳ್ಳಗೆ ಹೊಳೆಯುತ್ತದೆ. ನಿಮ್ಮ ಕೈಯದಲ್ಲ, ನನ್ನದೇ. ಲಕೋಟೆ ಅಂಟಿಸುವ ಮೊದಲು ಇದನ್ನೇ ಕಂಪೌಂಡರ್ ಅಂಗೈಯಲ್ಲಿಟ್ಟು ತೋರಿಸಿ ಎಲ್ಲ ಹೇಳಬೇಕು ಎಂದುಕೊಂಡಿದ್ದೇನೆ. ಈಗ ಮೂರೂವರೆ. ಈ ಪತ್ರ ನಿಮಗೆ ತಲುಪಿದ್ದರೆ ಹೇಳಿದ್ದೇನೆ ಎಂದೇ ತಿಳಿಯಿರಿ. ಹೇಳದೆ ಅಂಚೆಗೆ ಹಾಕುವುದಿಲ್ಲ.