ತಳಕ್ಕೆ ಮೂರು ಹಿಡಿ ಮರಳು

ಹುಮನಾಬಾದ್
ಬುಧವಾರ, ೯ ಅಕ್ಟೋಬರ್ ೨೦೨೪

ಪ್ರೀತಿಯ ಸಮ್ರೀನ,

ಫೋನಿನಲ್ಲಿ ಹೇಳಲು ಎರಡು ಸಲ ಯತ್ನಿಸಿ ಬಿಟ್ಟೆ. ನೀನು ನಡುವೆ ಮಾತಾಡಿದರೆ ನನಗೆ ಧೈರ್ಯ ಉಳಿಯುವುದಿಲ್ಲ. ನಿನ್ನ ಅಣ್ಣ ಮುಜಾಫರ್ ಅವರು ತೀರಿಕೊಂಡ ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿಸಿ, ನೀನು ಶುಕ್ರವಾರ ಬಸವಕಲ್ಯಾಣದಿಂದ ಗಾಡಿ ತಂದು ನನ್ನ ಮನೆಯ ಉಪ್ಪುನೀರಿನ ಟ್ಯಾಂಕ್ ಒಯ್ಯುವೆನೆಂದೆ. "ಅಮ್ಮಿ ಆ ಎರಡು ಮೀನ ನೋಡ್ಕೋತರ ಕುಂದರ್ಲಿ, ಅನು. ಭಾಯಿ ಕೈಯಾಗ ಬೆಳದಾವ" ಎಂದೆ. ನಾನು ಹೂಂ ಅಂದೆ. ಕೊಡುವ ಮನಸ್ಸು ಅಂದೂ ಇರಲಿಲ್ಲ, ಈಗಲೂ ಇಲ್ಲ.

ಮುಜಾಫರ್ ಅವರು ನಾಲ್ಕು ವರ್ಷ ಪ್ರತಿ ಶನಿವಾರ ಬಂದು ಅದರ ನೀರು ಬದಲಿಸಿದವರು. ಹವಳ ಬೆಳೆಯುವ ಆ ಟ್ಯಾಂಕಿನ ತಳಕ್ಕೆ ಏನು ಹಾಸಬೇಕೆಂಬುದೊಂದೇ ನಮ್ಮ ಜಗಳ. ನನಗೆ ಬಿಳಿ ಮರಳು ಬೇಕು, ಅವರಿಗೆ ಬರಿ ಗಾಜು. "ಮರಳ ಹಾಕಿದ್ರ ಹೊಲಸೆಲ್ಲ ಕೆಳಗ ಮುಚ್ಚಿ ಕುಂದರ್ತದ್ರಿ ಮೇಡಂ. ನಿಮಗ ಮುಚ್ಚಿಡೂದು ಭಾಳ ಸೇರ್ತದ ಬಿಡ್ರಿ" ಎಂದು ನಗುತ್ತಿದ್ದರು.

ಅವರನ್ನು ಮಣ್ಣು ಮಾಡಿದ ದಿನ ನೀನೂ ನಾನೂ ನಿಮ್ಮ ಮನೆಯ ಹೊಸ್ತಿಲೊಳಗೇ ಉಳಿದೆವು. ಗಂಡಸರು ಗೋರಿಗೆ ಮೂರು ಮೂರು ಹಿಡಿ ಮಣ್ಣು ಕೊಟ್ಟು ಬಂದು ಅಂಗಳದಲ್ಲಿ ಕೈ ತೊಳೆದುಕೊಂಡರು. ನೀನು ತಂಗಿ, ನಿನಗೇ ಇಲ್ಲದ ಹಕ್ಕು ನನಗೆಲ್ಲಿಯದು? ಆದರೂ ನನ್ನ ಕೈ ಖಾಲಿ ಅನ್ನಿಸಿತು.

ಟ್ಯಾಂಕಿಗೆ ಮರಳು ತರಲು ಹೋದೆ. ಈಗ ಅವರ ಸಾಕುಮೀನಿನ ಅಂಗಡಿ ನೋಡಿಕೊಳ್ಳುವ ಧಮ್ಮಪಾಲ ಮೂರು ಬಗೆ ತೋರಿಸಿದ. ಹಿಟ್ಟಿನಂಥ ಮರಳು ಪಂಪಿನ ಸೆಳೆತಕ್ಕೆ ಏಳುತ್ತದೆ. ಹವಳದ ನುಚ್ಚಿನ ಸಂದಿಯಲ್ಲಿ ಕಸ ಕೊಳೆಯುತ್ತದೆ. ನಡುವಿನದು, ರವೆಯಷ್ಟು ದಪ್ಪನೆಯದು ಆರಿಸಿದೆ. "ಏಳೆಂಟು ಸಲ ತೊಳದ ಹಾಕ್ರಿ" ಎಂದ. ನಾನು ತೊಳೆಯಲಿಲ್ಲ. ಗೋರಿಗೆ ಕೊಡುವ ಮಣ್ಣನ್ನು ಯಾರಾದರೂ ತೊಳೆಯುತ್ತಾರೆಯೇ? ಶನಿವಾರ ಚೀಲ ಬಿಚ್ಚಿ ತಳದಲ್ಲೆಲ್ಲ ಹರಡಿದೆ. ಕೊನೆಗೆ, ನಡುವೆ, ಒಂದೊಂದಾಗಿ ಮೂರು ಹಿಡಿ ಹಾಕಿದೆ.

ನೀರು ಹಾಲಿನಂತೆ ಬೆಳ್ಳಗಾಯಿತು. ಸೋಮವಾರ ಬೆಳಿಗ್ಗೆ ತಿಳಿಯಾದಾಗ ನೋಡಿದರೆ ನಡುವೆ ಮೂರು ಗುಳಿಗಳು, ಗಾಜು ಕಾಣುವಷ್ಟು ಆಳ. ಯಾರೋ ಹಿಡಿಹಿಡಿಯಾಗಿ ಎತ್ತಿದಂತೆ. ಸಮ ಮಾಡಿ ಪಂಪ್ ಬಂದ್ ಮಾಡಿದೆ. ಮಂಗಳವಾರ ಮತ್ತೆ ಮೂರು. ಒಂದರೊಳಗೆ ನನ್ನ ಮುಷ್ಟಿ ಇಟ್ಟು ನೋಡಿದೆ. ಗುಳಿ ನನ್ನ ಮುಷ್ಟಿಗಿಂತ ದೊಡ್ಡದು.

ಧಮ್ಮಪಾಲನಿಗೆ ಫೋನ್ ಮಾಡಿದೆ. "ಮೀನ ಬಾಲದಿಂದ ಸರಸ್ತಾವ್ರಿ ಮೇಡಂ. ತಮ್ಮ ಜಾಗಾ ತಾವ ಮಾಡ್ಕೋತಾವ" ಎಂದ. ಇರಬಹುದು. ನಾನು ಕೊಟ್ಟ ಮಣ್ಣು ಮುಜಾಫರ್ ಅವರಿಗೆ ಬೇಡವಾಯಿತೇ, ಇಲ್ಲಾ ಇನ್ನೂ ಮಣ್ಣು ಬೇಕಾದ ಹೊತ್ತು ಬಂದಿಲ್ಲವೆನ್ನುತ್ತಿದ್ದಾರೆಯೇ ಎಂದು ಕೂತು ಯೋಚಿಸುವುದಕ್ಕಿಂತ ಧಮ್ಮಪಾಲನ ಮಾತನ್ನು ನಂಬುವುದೇ ಮೇಲು.

ಅಮ್ಮಿಗೆ ನನ್ನ ಸಲಾಂ ಹೇಳು.

ನಿನ್ನ
ಅನುರಾಧಾ

ತಾ.ಕ.: ಒಂದು ಮಾತು ಧಮ್ಮಪಾಲನಿಗೂ ಹೇಳಲಿಲ್ಲ. ಮೀನು ಎರಡೂ ಭಾನುವಾರವೇ ಸತ್ತವು. ತೊಳೆಯದ ಮರಳಿನ ಪುಡಿ ಕಿವಿರಿಗೆ ತುಂಬಿತ್ತು. ತಪ್ಪು ನನ್ನದು, ಅಮ್ಮಿಯ ಮುಂದೆ ನಾನೇ ಬಂದು ಒಪ್ಪುತ್ತೇನೆ. ಆದರೆ ಸಮ್ರೀನ, ಅವು ಸತ್ತ ಮೇಲೆ ಆ ನೀರಿನಲ್ಲಿ ಮುದುಡಿದ ಹವಳ ಬಿಟ್ಟರೆ ಏನೂ ಇಲ್ಲ. ಇಂದು ಬೆಳಿಗ್ಗೆ ಮರಳೆಲ್ಲ ಗೋಡೆಗಳಿಗೆ ಸರಿದು, ತಳ ಪೂರ್ತಿ ಬರಿದಾಗಿತ್ತು, ಮುಜಾಫರ್ ಬಯಸುತ್ತಿದ್ದ ಹಾಗೆ. ಶುಕ್ರವಾರ ಗಾಡಿ ತರಬೇಡ. ಖಾಲಿ ಟ್ಯಾಂಕ್ ಎಂದು ಹೇಳಿ ಅದನ್ನು ನಿನ್ನ ಕೈಗೆ ಕೊಡಲಾರೆ.