ಒಂದು ಹಿಡಿ ಎಂದರೆ ಯಾರ ಹಿಡಿ?

ಅಕ್ಕಾ,

ಇಲ್ಲಿ ಚಹಾಕ್ಕೆ ಹಾಲಿಲ್ಲ, ಲೋಟ ಖಾಲಿಯಾಗುವವರೆಗೆ ಯಾರೂ ತುಟಿ ಬಿಚ್ಚುವುದೂ ಇಲ್ಲ. ನಮ್ಮ ಕಮ್ಮಾರಶಾಲೆಯಲ್ಲಿ ಪ್ರತಿ ಶನಿವಾರ ಒಬ್ಬರು ತಮ್ಮ ಮನೆಯ ಅಡುಗೆ ಮಾಡಿ ಎಲ್ಲರಿಗೂ ಬಡಿಸಬೇಕು. ರುಚಿ ಹಿಡಿಸಿದರೆ ಮಾಡುವ ವಿಧಾನವನ್ನು ಗೋಡೆಯ ಮೇಲೆ ಬರೆಯುತ್ತಾರೆ. ಮೊನ್ನೆ ನನ್ನ ಸರದಿ. ನೀನು ಹೇಳಿಕೊಟ್ಟಂತೆಯೇ ಬೇಳೆ ಬೇಯಿಸಿ, ಒಂದು ಹಿಡಿ ಉಪ್ಪು ಹಾಕಿದೆ. ಉಂಡವರೆಲ್ಲ ಸುಮ್ಮನೆ ಮೂರು ಮೂರು ಲೋಟ ಚಹಾ ಕುಡಿದರು. ಕೊನೆಗೆ ಮೇಸ್ತ್ರಿ, "ಚಹಾ ಇಷ್ಟು ರುಚಿ ಅಂತ ಇವತ್ತೇ ಗೊತ್ತಾಗಿದ್ದು ನೋಡಪ್ಪಾ" ಎಂದ.

ಆಮೇಲೆ ಹೊಳೆಯಿತು. ನೀನು ಹೇಳಿದ್ದು ನಿನ್ನ ಹಿಡಿ. ಸುತ್ತಿಗೆ ಹಿಡಿದೂ ಹಿಡಿದೂ ನನ್ನ ಕೈ ಮೊರದಗಲ ಆಗಿದೆ!

ನಾನು ಬಿಡುವವನಲ್ಲ. ಜೊತೆಯವನೊಬ್ಬನನ್ನು ಕಾಡಿ ಬೇಡಿ ಮುಂದಿನ ತಿಂಗಳ ಅವನ ಸರದಿಯನ್ನು ನಾನೇ ಪಡೆದಿದ್ದೇನೆ. ನಮ್ಮ ಮನೆಯ ಬೇಳೆ ಆ ಗೋಡೆ ಹತ್ತಲೇಬೇಕು.

ಕೆಮ್ಮು ಹೋಗಿದೆ, ಸ್ವೆಟರ್ ಕಳಿಸಬೇಡ. ಚಮಚದ ಲೆಕ್ಕವನ್ನೂ ಬರೆಯಬೇಡ, ಅದು ನಿನಗೂ ಗೊತ್ತಿಲ್ಲ. ಕಾಗದದ ಮೇಲೆ ಅಂಗೈ ಊರಿ, ಸುತ್ತ ಗೆರೆ ಎಳೆದು ಇವತ್ತೇ ಅಂಚೆಗೆ ಹಾಕು. ಆ ಅಳತೆಗೆ ಸರಿಯಾಗಿ ಉಪ್ಪು ಅಳೆಯಲು ಒಂದು ಕಬ್ಬಿಣದ ಸೌಟು ಬಡಿದು ಮಾಡಿಕೊಳ್ಳುತ್ತೇನೆ.

ಗಂಟೆ ಹೊಡೆಯಿತು, ಕುಲುಮೆಗೆ ಹೊರಟೆ.

ನಿನ್ನ ತಮ್ಮ