ಎಮ್ಮೆಗೆ ಸಿಗದ ಅಂಚು

ಮಾರ್ಚ್ 3, ಸೋಮವಾರ. ಮಧ್ಯಾಹ್ನ ಒಂದೂವರೆ

ಎರಡನೇ ಮಹಡಿ ಮುಗಿಯಿತು. ಬಕೆಟ್ ತೊಳೆದು ಬೋರಲು ಹಾಕಿದೆ. ಮಾಪ್ ಹಿಂಡಿ ಗೋಡೆಗೆ ಒರಗಿಸಿದೆ. ಹದಿನಾಲ್ಕನೇ ರೂಮಿನ ಮುಂದೆ ನೀರು ನಿಂತಿತ್ತಾ? ಒರೆಸಿದ ನೆನಪು. ಆದರೂ ಹೋಗಿ ನೋಡಿದೆ. ಒಣಗಿತ್ತು. ಬಂದು ಕೂತೆ. ಹದಿನೈದರ ಮುಂದೆ?...

"ಕೂತ್ಕೋತೀಯೋ, ಮಾಪಿಗೆ ಕಟ್ಟಿ ಹಾಕ್ಲೋ?" ಎಂದಳು ಅಕ್ಕ. ಕೂತೆ.

ನನ್ನ ಗಂಡನ ಅಣ್ಣನ ಹೆಂಡತಿ ಅವಳು. ನನ್ನನ್ನು ಈ ಆಸ್ಪತ್ರೆಗೆ ಕೈ ಹಿಡಿದು ಕರೆತಂದು ಈ ತಿಂಗಳಿಗೆ ಹತ್ತೊಂಬತ್ತು ವರ್ಷ. ಅಂದಿನಿಂದ ಕಾರಿಡಾರಿನ ಎಡಭಾಗ ಅವಳದು, ಬಲಭಾಗ ನನ್ನದು. ಇಬ್ಬರೂ ಹಿಂದಕ್ಕೆ ನಡೆಯುತ್ತಾ ಒರೆಸುತ್ತೇವೆ, ಒರೆಸಿದ್ದನ್ನು ತುಳಿಯಬಾರದಲ್ಲ. ಅವಳ ಕೈ ಚುರುಕು. ಯಾವಾಗಲೂ ನನಗಿಂತ ನಾಲ್ಕು ಹೆಜ್ಜೆ ಮುಂದೆ. ಮುಂದೆ ಎಂದರೆ ಹಿಂದೆ... ನನ್ನ ಬೆನ್ನಿನ ಕಡೆ. ಆಗಾಗ ತಿರುಗಿ ನೋಡಿ ನನಗೆ ದಾರಿ ಕೂಗುತ್ತಾಳೆ. "ಕುರ್ಚಿ." "ಬಾಗ್ಲು." "ಜನ ಬಂದ್ರು, ನಿಲ್ಲು." ನಾನು ತಿರುಗುವುದೇ ಇಲ್ಲ. ಅವಳ ದನಿಯೇ ನನ್ನ ಬೆನ್ನಿನ ಕಣ್ಣು.

ಒಂದೇ ಬೇಜಾರು. ನಾನು ಏನಾದರೂ ಚಿಂತೆ ಹೇಳಿಕೊಂಡರೆ ತಕ್ಷಣ ಮಾತಾಡುವುದಿಲ್ಲ. ಸ್ವಲ್ಪ ಹೊತ್ತು ಗಪ್‌ಚಿಪ್. ಆಮೇಲೆ ಉತ್ತರ. ನನ್ನ ಗೋಳು ಕೇಳಿ ಕೇಳಿ ರೋಸಿ ಹೋಗಿರಬೇಕು. ಯಾರಿಗಾದರೂ ಆಗುತ್ತದೆ.

ಮಾರ್ಚ್ 5, ಬುಧವಾರ

ಮೆಷಿನ್ ಬಂತು.

ಬೀರುವನ್ನು ಮಲಗಿಸಿ ಚಕ್ರ ಹಾಕಿದ ಹಾಗಿದೆ. ಮುಂದೆ ಕೆಳಗಡೆ ದುಂಡಗಿನ ಬ್ರಷ್ಷು, ನೆಲ ಉಜ್ಜುತ್ತದೆ. ಹಿಂದೆ ಬಿಲ್ಲಿನ ಹಾಗೆ ಬಾಗಿದ ರಬ್ಬರ್ ಪಟ್ಟಿ, ಕೊಳೆ ನೀರನ್ನು ಬಳಿದು ಒಳಗೆ ಎಳೆದುಕೊಳ್ಳುತ್ತದೆ. ಹೋದ ದಾರಿಯೆಲ್ಲ ಒಣ ಒಣ. ಹಿಂದೆಯೇ ಮಗು ಓಡಿದರೂ ಜಾರುವುದಿಲ್ಲ. ಕಂಪನಿಯಿಂದ ಬಂದ ಮೆಕ್ಯಾನಿಕ್ ಓಡಿಸಿ ತೋರಿಸಿದ. ಸೋಪು ಇಷ್ಟೇ ಮುಚ್ಚಳ ಹಾಕಬೇಕು, ಜಾಸ್ತಿಯಾದರೆ ನೊರೆ ಮೋಟರಿಗೆ ಹೋಗುತ್ತದೆ. ಹಿಂದಕ್ಕೆ ಎಳೆಯುವ ಮುಂಚೆ ಲಿವರ್ ಒತ್ತಿ ರಬ್ಬರ್ ಎತ್ತಬೇಕು. ಇದನ್ನು ಮೂರು ಸಲ ಹೇಳಿದ. ನನ್ನ ಮುಖ ನೋಡಿ ನಾಲ್ಕನೇ ಸಲವೂ ಹೇಳಿದ.

ಆಮೇಲೆ ಸೂಪರ್‌ವೈಸರ್ ಗಂಟಲು ಸರಿಮಾಡಿಕೊಂಡರು. "ಇನ್ಮೇಲೆ ಈ ಮಹಡಿಗೆ ಒಬ್ರು ಸಾಕು ಅಮ್ಮಾ. ಇಬ್ರೂ ಕಲೀರಿ. ಮುಂದಿನ ಶನಿವಾರ ನೋಡ್ತೀನಿ, ಯಾರ ಕೈ ಸರಿಯಾಗಿದ್ಯೋ ಅವರಿಗೆ ಮೆಷಿನ್. ಇನ್ನೊಬ್ರು ಹೊಸ ಬಿಲ್ಡಿಂಗಿಗೆ."

ಹೊಸ ಬಿಲ್ಡಿಂಗ್ ಊರಿನ ಆ ತುದಿ. ಎರಡು ಬಸ್ಸು. ಅಕ್ಕನ ಮಂಡಿ ಒಂದು ಬಸ್ಸಿನ ಮೆಟ್ಟಿಲಿಗೇ ಹಾ ಹೂ ಅನ್ನುತ್ತದೆ.

ನಾನೇ ಹೋಗುತ್ತೇನೆ ಎನ್ನಬೇಕಿತ್ತು. ಬಾಯಿ ತೆರೆದೆ. ಎರಡನೇ ಬಸ್ಸಿನ ನಂಬರ್ ಎಷ್ಟು, ತಪ್ಪಿ ಬೇರೆ ಹತ್ತಿದರೆ ಎಲ್ಲಿಗೆ ಹೋಗುತ್ತದೆ... ಬಾಯಿ ಮುಚ್ಚಿದೆ.

ಮಾರ್ಚ್ 7, ಶುಕ್ರವಾರ. ಊಟದ ಹೊತ್ತು

ಅಕ್ಕ ಮೆಷಿನ್ನಿಗೆ ಹೆಸರಿಟ್ಟಳು, ಎಮ್ಮೆ. "ಬೆಳಗ್ಗೆ ಎರಡು ಕೊಡ ನೀರು ಕುಡಿಯುತ್ತೆ, ಮಧ್ಯಾಹ್ನ ಅಷ್ಟೇ ಬಿಡುತ್ತೆ. ಹಾರ್ನ್ ಹೊಡೆದ್ರೂ ದಾರಿ ಬಿಡಲ್ಲ. ಇನ್ನೇನು?" ಮೂರೇ ದಿನಕ್ಕೆ ಪಳಗಿಸಿಬಿಟ್ಟಿದ್ದಾಳೆ. ಹಿಡಿಗೆ ಮೈಭಾರ ಬಿಟ್ಟು ಹೋಗುತ್ತಾಳೆ, ಮಂಡಿಗೂ ಆರಾಮು. ತಿರುಗಿಸುವಾಗ "ಹೋ ಹೋ" ಅನ್ನುತ್ತಾಳೆ.

ನನ್ನದು? ಎರಡು ಸಲ ಗೋಡೆಗೆ, ಒಂದು ಸಲ ತೂಕ ನೋಡುವ ಯಂತ್ರಕ್ಕೆ. ಮುಂದಕ್ಕೆ ನಡೆಯುವುದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಹಿಂದೆ ಒಣಗಿದೆಯಾ ಇಲ್ಲವಾ ಅಂತ ಕತ್ತು ತಾನಾಗಿಯೇ ತಿರುಗುತ್ತದೆ. ಕತ್ತು ತಿರುಗಿದರೆ ಎಮ್ಮೆಯೂ ತಿರುಗುತ್ತದೆ.

"ಮುಂದೆ ನೋಡೇ ಗಾಬರಿ," ಅಕ್ಕ ಕೂಗಿದಳು. ಆಸ್ಪತ್ರೆಗೆಲ್ಲ ನನ್ನ ಹೆಸರು ಈಗ ಅದೇ. "ಹಿಂದೆ ಏನಾದ್ರೂ ಆದ್ರೆ ಅದು ಆಗಿಹೋಗಿರುತ್ತೆ."

ಸಮಾಧಾನಕ್ಕೆ ಹೇಳಿದಳೋ, ಹೆದರಿಸಲೋ. ಈಗಲೂ ಯೋಚಿಸುತ್ತಿದ್ದೇನೆ.

ಮಾರ್ಚ್ 10, ಸೋಮವಾರ. ಮಧ್ಯಾಹ್ನ ಎರಡು

ಇವತ್ತು ಅಕ್ಷರ ಸೊಟ್ಟ.

ಅಕ್ಕ ಕೆಳಗೆ ಸೋಪು ತರಲು ಹೋಗಿದ್ದಳು. ನಾನೊಬ್ಬಳೇ ಓಡಿಸುತ್ತಿದ್ದೆ, ಲಿಫ್ಟಿನ ಮುಂದೆ. ಲಿಫ್ಟ್ ತೆರೆಯಿತು, ಸ್ಟ್ರೆಚರ್ ಬಂತು. ದಾರಿ ಬಿಡಬೇಕು. ಹತ್ತೊಂಬತ್ತು ವರ್ಷ ದಾರಿ ಬಿಡುವುದು ಎಂದರೆ ಏನು? ಹಿಂದಕ್ಕೆ. ಮಾಪ್ ಎಳೆದ ಹಾಗೆ ಎರಡು ಕೈಯಲ್ಲಿ ಎಳೆದುಬಿಟ್ಟೆ. ರಬ್ಬರ್ ಎತ್ತಲಿಲ್ಲ. ನಾಲ್ಕು ಸಲ ಹೇಳಿದ್ದ ಪುಣ್ಯಾತ್ಮ.

ನೆಲದ ಲೋಹದ ಪಟ್ಟಿಗೆ ಸಿಕ್ಕಿ ಪರ್ ಎಂದಿತು. ಸ್ಟ್ರೆಚರ್ ಹೋದ ಮೇಲೆ ಬಗ್ಗಿ ನೋಡಿದೆ. ರಬ್ಬರಿನ ಅಂಚು ಹೆಬ್ಬೆರಳಿನ ಉಗುರಿನಷ್ಟು ಕಿತ್ತು ಬಂದಿದೆ.

ಯಾರೂ ನೋಡಲಿಲ್ಲ. ಎಮ್ಮೆಯನ್ನು ತಂದು ಸ್ಟೋರ್ ರೂಮಿನಲ್ಲಿ ಚಾರ್ಜಿಗೆ ಹಾಕಿದೆ. ಅಕ್ಕ ಸೋಪಿನ ಕ್ಯಾನ್ ತಂದಿಟ್ಟು "ಹೇಗೆ ಓಡ್ತು?" ಎಂದಳು.

"ಚೆನ್ನಾಗಿ" ಅಂದೆ.

ಮಾರ್ಚ್ 11, ಮಂಗಳವಾರ

ಇವತ್ತು ಅಕ್ಕನ ಸರದಿ. ಅವಳು ಹೋದ ದಾರಿಯುದ್ದಕ್ಕೂ ಒಂದು ನೀರಿನ ಗೆರೆ. ಬೆರಳಗಲ. ಆ ತುದಿಯಿಂದ ಈ ತುದಿಗೆ, ಹಾವು ಹರಿದ ಹಾಗೆ. ನಿಲ್ಲಿಸಿದಳು, ಲಿವರ್ ನೋಡಿದಳು, ಮತ್ತೆ ಓಡಿಸಿದಳು. ಮತ್ತೆ ಗೆರೆ. ಮಂಡಿ ಬಗ್ಗಿಸಿ ಕೆಳಗೆ ನೋಡಲು ಅವಳಿಗೆ ಆಗುವುದಿಲ್ಲ. ನನಗೆ ಆಗುತ್ತದೆ. ನಾನು ಬಗ್ಗಲಿಲ್ಲ.

ಸೂಪರ್‌ವೈಸರ್ ಬಂದರು. "ಏನಮ್ಮಾ ಇದು, ರೋಗಿಗಳು ಜಾರಿ ಬಿದ್ರೆ? ಹೋದ ವಾರ ಚೆನ್ನಾಗೇ ಮಾಡ್ತಿದ್ರಿ. ಕೈ ನಿಲ್ತಾ ಇಲ್ಲ ನಿಮಗೆ. ವಯಸ್ಸಾಯ್ತಲ್ಲ... ಹೊಸ ಬಿಲ್ಡಿಂಗಲ್ಲಿ ಬಕೆಟ್ಟು ಮಾಪೇ ಇರೋದು, ಅಭ್ಯಾಸ ಇದೆ ನಿಮಗೆ."

ಎದುರು ಮಾತಾಡುವವಳು ಅಕ್ಕ. ದೊಡ್ಡ ಡಾಕ್ಟರಿಗೇ "ಒರೆಸಿದ ಮೇಲೆ ಬನ್ನಿ ಸಾರ್" ಅಂದವಳು. ಇವತ್ತು "ಹೂಂ ಸಾರ್" ಎಂದಳು. ಅಷ್ಟೇ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡ ಹಾಗೆ ನಾನು ಗೋಡೆಗೆ ಅಂಟಿಕೊಂಡು ನಿಂತಿದ್ದೆ.

ಮಾರ್ಚ್ 12, ಬುಧವಾರ

ಹೇಳಲಿಲ್ಲ.

ಮಾರ್ಚ್ 14, ಶುಕ್ರವಾರ. ಸಂಜೆ ಆರು

ಬಸ್ಸಿನಲ್ಲಿ ಹೇಳಿದೆ. ಅವಳು ಕಿಟಕಿಯ ಪಕ್ಕ, ನಾನು ಈಚೆ. ನನ್ನ ಚಪ್ಪಲಿ ನೋಡಿಕೊಂಡೇ ಹೇಳಿದೆ. ಲಿಫ್ಟು, ಸ್ಟ್ರೆಚರು, ಪರ್ ಎಂದದ್ದು, ಎಲ್ಲ. ಅವಳಿಗೆ ಗೊತ್ತಿತ್ತೇನೋ, ನನಗೋಸ್ಕರ ಸುಮ್ಮನಿದ್ದಳೇನೋ ಅಂತ ಒಳಗೊಳಗೇ ಆಸೆ ಇತ್ತು.

ಗೊತ್ತಿರಲಿಲ್ಲ.

ಎರಡು ಸ್ಟಾಪ್ ಕಿಟಕಿಯ ಹೊರಗೇ ನೋಡಿದಳು. ಆಮೇಲೆ ತನ್ನ ಎರಡೂ ಕೈ ಮಡಿಲಲ್ಲಿ ಅಂಗಾತ ಇಟ್ಟುಕೊಂಡು ಹೇಳಿದಳು: "ನಾಲ್ಕು ದಿನದಿಂದ ಇವನ್ನೇ ನೋಡ್ಕೊಂಡು ಕೂತಿದ್ದೀನಿ ಕಣೇ. ನಡುಕ ಶುರುವಾಯ್ತೇನೋ ಅಂತ. ನಿನ್ನೆ ಲೋಟದಲ್ಲಿ ನೀರು ತುಂಬಿ ಹಿಡಿದು ನೋಡಿದೆ, ಚೆಲ್ಲುತ್ತಾ ಅಂತ."

"ಅಕ್ಕಾ..."

"ಸುಮ್ನಿರು. ಈಗ ಅಳಬೇಡ, ಸಮಾಧಾನ ಮಾಡೋಕೆ ನನಗೆ ಶಕ್ತಿ ಇಲ್ಲ."

ಇಳಿಯುವಾಗ ದಿನವೂ ನನ್ನ ಭುಜ ಹಿಡಿದು ಇಳಿಯುತ್ತಿದ್ದಳು. ಇವತ್ತು ಬಾಗಿಲಿನ ಕಂಬಿ ಹಿಡಿದು ಇಳಿದಳು.

ಮನೆಯಲ್ಲಿ ಇವರಿಗೆ ಹೇಳಿದರೆ "ಬೆಳಗ್ಗೆ ಸೂಪರ್‌ವೈಸರಿಗೂ ಹೇಳು, ಮನಸ್ಸು ಹಗುರ ಆಗುತ್ತೆ. ನೀರಿಗೆ ಇಳಿದ ಮೇಲೆ ಚಳಿ ಏನು" ಎಂದರು. ನೀರಿಗೆ ಇಳಿದವರಿಗೆ ಗೊತ್ತು ಚಳಿ.

ಮಾರ್ಚ್ 15, ಶನಿವಾರ. ಸಂಜೆ

ಹೇಳಿದೆ. ಸೂಪರ್‌ವೈಸರ್, ಮೆಷಿನ್ ನೋಡಲು ಬಂದಿದ್ದ ಮೆಕ್ಯಾನಿಕ್, ಅಕ್ಕ, ಮೂವರ ಎದುರಿಗೂ. "ಸಾರ್, ಅಕ್ಕನ ಕೈ ಸರಿ ಇದೆ. ಕಿತ್ತಿದ್ದು ನಾನು."

ಮೆಕ್ಯಾನಿಕ್ ಮಂಡಿಯೂರಿ ಕೂತು ರಬ್ಬರ್ ಪಟ್ಟಿ ಬಿಚ್ಚಿದ. ಆ ಕಡೆ ಈ ಕಡೆ ನೋಡಿದ. ಹೊರಳಿಸಿ ಮತ್ತೆ ಸಿಕ್ಕಿಸಿದ. ಎರಡು ನಿಮಿಷ ಹಿಡಿಯಲಿಲ್ಲ.

"ಇಷ್ಟೇನಾ?" ಎಂದೆ.

"ಇಷ್ಟೇ. ಇದಕ್ಕೆ ನಾಲ್ಕು ಅಂಚು ಇರುತ್ತಮ್ಮಾ. ಒಂದು ಸವೆದ್ರೆ ಇನ್ನೊಂದು ಕಡೆ ತಿರುಗಿಸಿ ಹಾಕೋದು. ಎಲ್ಲರೂ ಕೀಳ್ತಾರೆ. ಮಾಪ್ ಹಿಡಿದು ಬಂದೋರೆಲ್ಲ ಹಿಂದಕ್ಕೇ ಎಳೀತಾರೆ."

ಐದು ದಿನ ಅನ್ನ ಇಳಿದಿರಲಿಲ್ಲ ನನಗೆ. ನಾಲ್ಕು ಅಂಚಂತೆ.

ನಿನ್ನೆ ಬಸ್ಸಿಳಿದ ಮೇಲೆ ಅಕ್ಕ ಈಗ ಮೊದಲ ಸಲ ಬಾಯಿ ಬಿಟ್ಟಳು. "ನಾಲ್ಕು ತಪ್ಪಿಗೆ ಅವಕಾಶ ಇದೆ ಅಂತಾಯ್ತು. ಇವಳಿಗಿನ್ನೂ ಮೂರು ಬಾಕಿ." ಮೆಕ್ಯಾನಿಕ್ ನಕ್ಕ. ನನಗೆ ಅಳು ಬಂತು. ಅಕ್ಕ ತನ್ನ ಏಪ್ರನ್ನಿನ ತುದಿ ನನ್ನ ಕಡೆ ಎಸೆದಳು. "ಒರೆಸ್ಕೋ. ನೆಲದ ಮೇಲೆ ಬೀಳಿಸಬೇಡ, ಈಗ ತಾನೇ ಉಜ್ಜಿದ್ದೀನಿ."

ಆಮೇಲೆ ಅವಳು ಓಡಿಸಿದಳು. ಗೆರೆ ಇಲ್ಲ. ಕನ್ನಡಿ.

ಮೆಷಿನ್ ಅಕ್ಕನಿಗೆ. ಸೋಮವಾರದಿಂದ ನಾನು ಹೊಸ ಬಿಲ್ಡಿಂಗ್. ಸರಿಯಾದದ್ದೇ ಆಯಿತು. ಬಸ್ಸಿಳಿಯುವಾಗ ಭುಜ ಹಿಡಿದಳು. ಎಂದಿಗಿಂತ ಗಟ್ಟಿಯಾಗಿ. ಮಂಡಿ ನೋವು ಜಾಸ್ತಿಯೇನೋ.

ಮಾರ್ಚ್ 18, ಮಂಗಳವಾರ

ಎರಡನೇ ಬಸ್ಸು ತಪ್ಪಲಿಲ್ಲ. ಕಂಡಕ್ಟರನ್ನು ಮೂರು ಸಲ ಕೇಳಿದೆ. ಮೂರನೇ ಸಲ ಅವನೇ "ಇಳಿಯೋ ಜಾಗ ಬಂದಾಗ ಕೂಗ್ತೀನಿ, ನೆಮ್ಮದಿಯಾಗಿ ಕೂತ್ಕೊಳ್ಳಿ" ಎಂದ.

ಹೊಸ ಕಟ್ಟಡ, ಬಣ್ಣದ ವಾಸನೆ. ಉದ್ದ ಕಾರಿಡಾರ್, ನಾನೊಬ್ಬಳೇ. ಬಕೆಟ್, ಮಾಪ್. ಹಿಂದಕ್ಕೆ ನಡೆಯುತ್ತಾ ಹೋದೆ, ಹಾಯಾಗಿ. ಬೆನ್ನಿಗೆ ಏನೋ ಧಡ್ ಎಂದು ಹೊಡೆಯಿತು. ಬೆಂಕಿ ಆರಿಸುವ ಕೆಂಪು ಸಿಲಿಂಡರ್. ಮುಂದೆ ಒಂದು ಕಂಬ. ಆಮೇಲೆ ಗೋಡೆಯೇ.

ಯಾರೂ ಕೂಗಲಿಲ್ಲ.

ಮಾರ್ಚ್ 21, ಶುಕ್ರವಾರ

ಅಕ್ಕನ ಮನೆ ಮೇಲಿನ ಮಹಡಿ, ನಮ್ಮದು ಕೆಳಗೆ. ಆದರೂ ಸಿಗುವುದು ಕಡಿಮೆ. ನಾನು ಬೇಗ ಹೋಗಿ ತಡವಾಗಿ ಬರುತ್ತೇನೆ. ಇವತ್ತು ಮೆಟ್ಟಿಲಲ್ಲಿ ಸಿಕ್ಕಳು.

"ಎಮ್ಮೆ ಹೇಗಿದೆ?"

"ಕೊಬ್ಬಿದೆ. ನಡುವೆ ಎಲ್ಲಾ ನೆಕ್ಕಿ ನೆಕ್ಕಿ ಹೊಳೆಸುತ್ತೆ. ಮೂಲೆ ಮಾತ್ರ ಮೇಯಲ್ಲ." ನನ್ನ ಮೊಣಕೈ ನೋಡಿದಳು. "ಇದೇನು, ನೀಲಿ?"

"ಕಂಬ."

ಸ್ವಲ್ಪ ಹೊತ್ತು ಮಾತಿಲ್ಲ. ಎಂದಿನ ಹಾಗೆ. ಮೆಟ್ಟಿಲಲ್ಲಿ ಬೆಳಕು ಕಮ್ಮಿ. "ಹೋಗಿ ಎಣ್ಣೆ ಹಚ್ಕೋ" ಎಂದು ಮೇಲೆ ಹೋದಳು.

ರೋಸಿದ್ದಾಳೆ. ಬೇಸರವಾಗುವಂಥದ್ದೇ. ನಾನು ಬಿಟ್ಟು ಹೋದ ಮೇಲೂ ನನ್ನ ಗೋಳು ತಪ್ಪಲಿಲ್ಲ ಅವಳಿಗೆ.

ಮಾರ್ಚ್ 26, ಬುಧವಾರ. ಬೆಳಗ್ಗೆ ಹನ್ನೊಂದು

ಸೂಪರ್‌ವೈಸರ್ ಫೋನ್. ಏನು ತಪ್ಪು ಮಾಡಿದೆ ಅಂತ ಯೋಚಿಸಿ ಮೂರು ನೆನಪು ಮಾಡಿಕೊಂಡು ಫೋನ್ ಎತ್ತಿದೆ.

"ನಾಳೆಯಿಂದ ಇಲ್ಲಿಗೇ ಬನ್ನಿ. ನಿಮ್ಮ ಅಕ್ಕನ ಕಾಟ ತಡೆಯೋಕಾಗಲ್ಲ."

ಆಗಿದ್ದು ಇಷ್ಟು. ಬ್ರಷ್ಷು ದುಂಡಗಿದೆ, ಗೋಡೆಯ ಬುಡ ಅದಕ್ಕೆ ಸಿಗುವುದಿಲ್ಲ. ಮೂಲೆಯಂತೂ ಇಲ್ಲವೇ ಇಲ್ಲ. ಮೊದಲು ಇಡೀ ನೆಲ ಒಂದೇ ಬಣ್ಣ, ಯಾರಿಗೂ ಕಾಣುತ್ತಿರಲಿಲ್ಲ. ಅಕ್ಕ ನಡುಭಾಗವನ್ನು ದಿನಕ್ಕೆ ಎರಡು ಸಲ ಉಜ್ಜಿದಳಂತೆ. ನಡು ಹೊಳೆದಷ್ಟೂ ಅಂಚು ಕಪ್ಪು. ಕಾರಿಡಾರಿಗೆ ಕಾಡಿಗೆ ತೀಡಿದ ಹಾಗೆ ಆಗಿತ್ತಂತೆ. ದೊಡ್ಡ ಡಾಕ್ಟರ್ ನಿಂತು ನೋಡಿ ಕೇಳಿದರು. ಅಕ್ಕ "ನನ್ನ ಮಂಡಿ ಬಗ್ಗಲ್ಲ ಸಾರ್, ಎಮ್ಮೆಯದೂ ಬಗ್ಗಲ್ಲ. ಬಗ್ಗೋಳು ಒಬ್ಳಿದ್ಲು, ನೀವೇ ಕಳಿಸಿದ್ರಿ" ಎಂದಳಂತೆ.

"ಬೇಕಂತಲೇ ಮಾಡಿದ್ದಾರೆ ಅನ್ಸುತ್ತೆ ನನಗೆ" ಎಂದರು ಸೂಪರ್‌ವೈಸರ್.

"ಛೇ, ಇಲ್ಲ ಸಾರ್" ಅಂದೆ. ಈಗ ಸುಳ್ಳು ಹೇಳಿದ್ದಕ್ಕೆ ಚಿಂತೆ.

ಮಾರ್ಚ್ 27, ಗುರುವಾರ. ಮಧ್ಯಾಹ್ನ ಒಂದೂವರೆ, ಸ್ಟೋರ್ ರೂಮ್

ಅಂಚು ನನ್ನದು, ನಡು ಅವಳದು. ಮೆಷಿನ್ನಿಗಿಂತ ಮುಂಚೆ ನಾನು ಗೋಡೆಯ ಬುಡ ಕೆರೆದು ಒರೆಸುತ್ತಾ ಹೋಗಬೇಕು, ಎದ್ದ ಕೊಳೆಯನ್ನು ಎಮ್ಮೆ ಎಳೆದುಕೊಳ್ಳುತ್ತದೆ. ನಾನು ಎಂದಿನಂತೆ ಹಿಂದಕ್ಕೆ ನಡೆಯುತ್ತಿದ್ದೆ. ಅವಳು ಎಮ್ಮೆಯ ಹಿಂದೆ, ಮುಂದಕ್ಕೆ.

ಹತ್ತು ಹೆಜ್ಜೆ ಹೋದ ಮೇಲೆ ತಲೆ ಎತ್ತಿದೆ. ಅಕ್ಕ ಎದುರಿಗೇ ಇದ್ದಳು. ಮುಖಕ್ಕೆ ಮುಖ. ಹತ್ತೊಂಬತ್ತು ವರ್ಷ ಕೆಲಸದ ಹೊತ್ತಿನಲ್ಲಿ ನಾನು ಕೇಳಿದ್ದು ದನಿ, ಅವಳು ನೋಡಿದ್ದು ಬೆನ್ನು. ಕೆಲಸ ಮಾಡುವಾಗ ನಾಲಿಗೆಯ ತುದಿ ಹೊರಗೆ ಚಾಚುತ್ತಾಳೆ, ಸಣ್ಣ ಮಗುವಿನ ಹಾಗೆ. ಗೊತ್ತೇ ಇರಲಿಲ್ಲ.

"ಕುರ್ಚಿ," ಎಂದಳು. ಸರಿದೆ.

"ಬಾಗ್ಲು."

ಅಭ್ಯಾಸ ಬಲ, ಬಾಯಿಗೆ ಬಂತು. "ಅಕ್ಕಾ, ಬೆಳಗ್ಗೆ ಗ್ಯಾಸ್ ಆಫ್ ಮಾಡಿದ್ನೋ ಇಲ್ವೋ. ಮಾಡಿದೆ ಅನ್ಸುತ್ತೆ. ಆದ್ರೆ ಹಾಲಿಟ್ಟಿದ್ದು ನೆನಪಿದೆ, ತೆಗೆದಿದ್ದು ನೆನಪಿಲ್ಲ..."

ಅಕ್ಕ ಸುಮ್ಮನಾದಳು. ಅದೇ, ಸ್ವಲ್ಪ ಹೊತ್ತು ಮಾತಿಲ್ಲದ್ದು. ಈ ಸಲ ನನಗೆ ಅವಳ ಮುಖ ಕಾಣುತ್ತಿತ್ತು.

ಕೋಪ ಇರಲಿಲ್ಲ. ಬೇಸರವೂ ಇರಲಿಲ್ಲ. ತುಟಿ ಬಿಗಿ ಹಿಡಿದಿದ್ದಳು, ಕಣ್ಣು ಮಾತ್ರ ನಗುತ್ತಿತ್ತು. ಮಲಗಿದ ಮಗು ನಿದ್ದೆಯಲ್ಲಿ ಬಡಬಡಿಸಿದರೆ ನೋಡುತ್ತೇವಲ್ಲ, ಆ ಥರ. ನಗು ಪೂರ್ತಿ ಒಳಗೆ ಹೋಗುವ ತನಕ ಕಾದು, ದನಿ ಗಡುಸು ಮಾಡಿಕೊಂಡು ಹೇಳಿದಳು: "ಹೊರಡೋವಾಗ ನಿಮ್ಮ ಅಡುಗೆಮನೆಗೆ ಹೋಗಿ ನಾನೇ ನೋಡ್ಕೊಂಡೆ. ಆಫ್ ಆಗಿದೆ. ದಿನಾ ನೋಡ್ಕೊಂಡೇ ಬರೋದು ನಾನು. ಕಂಬ ಇದೆ, ಎಡಕ್ಕೆ ಸರಿ."

ಸರಿದೆ. ಅಷ್ಟೂ ವರ್ಷ, ಪ್ರತಿ ಸಲ, ಇದೇ ಮುಖವಾ? ನಾನು ರೋಸಿದ್ದಾಳೆ ಅಂದುಕೊಂಡಿದ್ದಾಗೆಲ್ಲ? ಇವತ್ತು ಬಸ್ಸಿನಲ್ಲಿ ಕೇಳಿಯೇಬಿಡಬೇಕು. ಕೇಳಿದರೆ ಇನ್ನು ಮೇಲೆ ನಗುವುದನ್ನು ಬಿಟ್ಟರೆ? ಬೇಡ. ಕೇಳುವುದಿಲ್ಲ. ಹಾಗಂತ ಕೇಳದೆ ಇದ್ದರೂ... ಬಂದಳು, ಎಮ್ಮೆಗೆ ನೀರು ತುಂಬಬೇಕಂತೆ, ಏನು ಬರೀತಿದ್ದೀಯೇ ಗಾಬರಿ ಅಂತ ಬಗ್ಗಿ —